ಏಳನೆಯ ಮನೆ

ಪುಣೆಯ ಶಿವಾಜಿನಗರದಲ್ಲಿ ಫರ್ಗ್ಯುಸನ್ ಕಾಲೇಜು ರಸ್ತೆ ಹಿಡಿದು ನಡೆದರೆ ವಿದ್ಯಾರ್ಥಿ ಸಹಾಯಕ ಸಮಿತಿಯ ವಸತಿಗೃಹ ಸಿಗುತ್ತದೆ. 1955ರಲ್ಲಿ ಅಚ್ಯುತರಾವ್ ಆಪ್ಟೆ ಶುರುಮಾಡಿದ ಸಂಸ್ಥೆ. ಹಳ್ಳಿಯಿಂದ ಓದಲು ಬರುವ ಬಡ ಮಕ್ಕಳಿಗೆ ಊಟ, ಸೂರು.

ಅದರ ಮುಂದೆ ಹಾದಾಗಲೆಲ್ಲ ವಾರಾನ್ನ ನೆನಪಾಗುತ್ತದೆ. ಪುಣೆಯಲ್ಲಿ ಮಾಧುಕರಿಯೂ ಇತ್ತು: ಜೋಳಿಗೆ ಹಿಡಿದು ಮನೆಮನೆ ತಿರುಗಿ ಅನ್ನ ಬೇಡಿ ತರುವುದು. ನಮ್ಮ ಧಾರವಾಡ, ಮೈಸೂರಿನ ಹುಡುಗರು ವಾರಾನ್ನಕ್ಕೆ, ದಿನಕ್ಕೊಂದು ಮನೆಯ ಊಟದಂತೆ, ವಾರಕ್ಕೆ ಏಳು ಮನೆ ಗೊತ್ತುಮಾಡಿಕೊಳ್ಳಬೇಕಿತ್ತು. ಆರೇ ಸಿಕ್ಕಿದರೆ ಏಳನೆಯ ದಿನ ನೀರು ಕುಡಿದು ಮಲಗುವುದು. ಬಡಿಸಿದ ಆ ತಾಯಂದಿರ ಋಣ ದೊಡ್ಡದು. ಆದರೆ ಜಾತಿ ನೋಡದೆ ತೆರೆದ ಬಾಗಿಲುಗಳು ಎಷ್ಟಿದ್ದವು?

ಅದಕ್ಕೇ ನನಗೆ ಶಾಲೆಯ ಬಿಸಿಯೂಟದ ಸಾಲು ಅಷ್ಟು ಇಷ್ಟ. 2001ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದಮೇಲೆ ಅದು ದಾನವಲ್ಲ, ಹಕ್ಕು. ಪಕ್ಕಪಕ್ಕ ಕೂತ ಮಕ್ಕಳು, ಸಾರು ಹರಿದು ತಟ್ಟೆಯ ಅಂಚಿಗೆ ಬಂದರೆ ಬೆರಳಲ್ಲೇ ತಡೆದು ನೆಕ್ಕುವ ಪುಟ್ಟ ಹುಡುಗಿ.

ಭಾನುವಾರ ಶಾಲೆಯ ಒಲೆ ಉರಿಯುವುದಿಲ್ಲ. ಅವತ್ತಿನ ಮನೆ ನಮ್ಮದಾಗಲಿ ಅಂತ ನಿನ್ನೆ ಅಡುಗೆ ಅಕ್ಕನಿಗೆ ಹೇಳಿಬಂದೆ.