ಬಾಳೆಹಣ್ಣಿನ ಮೇಲೆ ಏನಂತ ಬರೀಲಿ?

ಪುಕ್ಕಲರ ಎದುರು ದೇವರು ಪ್ರತ್ಯಕ್ಷ ಆಗಬಾರದು. ಆದರೆ ಕಷ್ಟ ದೇವರಿಗೇ. "ಭಕ್ತಾ, ಮೆಚ್ಚಿದೆ, ಏನು ವರ ಬೇಕೋ ಕೇಳು" ಅಂದ್ರೆ ನಮ್ಮಂಥವರು "ಅಯ್ಯೋ, ಏನೂ ಬೇಡ ಸ್ವಾಮಿ, ನೀವು ಬಂದಿದ್ದೇ ದೊಡ್ಡದು, ಕಾಫಿ ಕುಡೀತೀರಾ?" ಅಂತೀವಿ. ಅವನು ಹೋದ ಮೇಲೆ, ಅದನ್ನ ಕೇಳಬಹುದಿತ್ತು, ಇದನ್ನ ಕೇಳಬಹುದಿತ್ತು ಅಂತ ರಾತ್ರಿಯೆಲ್ಲ ಮಗ್ಗುಲು ಬದಲಾಯಿಸ್ತೀವಿ. ಅಪ್ರೈಸಲ್ ಮೀಟಿಂಗಿನ ಕೊನೆಗೆ ಮ್ಯಾನೇಜರ್ "ಎನಿಥಿಂಗ್ ಎಲ್ಸ್?" ಅಂದಾಗ "ನೋ, ಆಲ್ ಗುಡ್" ಅಂತ ಹೇಳಿ ಲ್ಯಾಪ್‌ಟಾಪ್ ಮುಚ್ಚೋ ಜಾತಿ ನಮ್ದು.

ಹೀಗಾಗೋದಕ್ಕೆ ನಾವು ಕೇಳಿ ಬೆಳೆದ ಕಥೆಗಳೂ ಸ್ವಲ್ಪ ಕಾರಣ. ವರ ಕೇಳಿ ಉದ್ಧಾರ ಆದವರಿಗಿಂತ ಕೆಟ್ಟವರೇ ಅಲ್ಲಿ ಜಾಸ್ತಿ. ಹಿರಣ್ಯಕಶಿಪುನೇ ನೋಡಿ. ಮನುಷ್ಯನಿಂದ ಸಾಯಬಾರದು, ಪ್ರಾಣಿಯಿಂದ ಸಾಯಬಾರದು, ಒಳಗೂ ಅಲ್ಲ ಹೊರಗೂ ಅಲ್ಲ, ಹಗಲೂ ಅಲ್ಲ ರಾತ್ರಿಯೂ ಅಲ್ಲ, ನೆಲವೂ ಅಲ್ಲ ಆಕಾಶವೂ ಅಲ್ಲ. ಇಷ್ಟು ಚೆನ್ನಾಗಿ ರಿಕ್ವೈರ್‌ಮೆಂಟ್ ಬರೆದವರನ್ನ ನಾನು ಹನ್ನೆರಡು ವರ್ಷದ ಕೆರಿಯರ್‌ನಲ್ಲಿ ನೋಡಿಲ್ಲ. ಆದರೂ ಹೊಸ್ತಿಲು, ಮುಸ್ಸಂಜೆ, ತೊಡೆ ಅಂತ ಮೂರು ಎಡ್ಜ್ ಕೇಸ್ ಉಳಿದುಬಿಟ್ಟಿದ್ದವು. ಭಸ್ಮಾಸುರ ಪ್ರೊಡಕ್ಷನ್ನಿನಲ್ಲೇ ಟೆಸ್ಟ್ ಮಾಡೋಕೆ ಹೋಗಿ ಸುಟ್ಟುಕೊಂಡ. ಕುಂಭಕರ್ಣ ಇಂದ್ರಾಸನ ಅನ್ನೋ ಕಡೆ ನಿದ್ರಾಸನ ಅಂದ ಅನ್ನೋ ಕಥೆ ಎಲ್ಲರಿಗೂ ಗೊತ್ತು. ಸರಸ್ವತಿ ಬಂದು ನಾಲಿಗೆ ಮೇಲೆ ಕೂತಳಂತೆ. ಬಾಸ್ ಮುಂದೆ ನಮ್ಮ ನಾಲಿಗೆ ಮೇಲೂ ಯಾರೋ ಕೂರ್ತಾರೆ, ಆದರೆ ಅದು ಖಂಡಿತ ಸರಸ್ವತಿ ಅಲ್ಲ. ಇನ್ನು ಕೈಕೇಯಿ ಎರಡು ವರವನ್ನ ಎಫ್‌ಡಿ ಇಟ್ಟ ಹಾಗೆ ಇಟ್ಟುಕೊಂಡಿದ್ದಳು. ಅದು ಮೆಚ್ಯೂರ್ ಆದ ದಿನ ಒಂದು ಮನೆಯೇ ಒಡೆದುಹೋಯ್ತು.

ಇದು ನಮ್ಮಲ್ಲಿ ಮಾತ್ರ ಅಂದುಕೋಬೇಡಿ. ಡಬ್ಲ್ಯೂ. ಡಬ್ಲ್ಯೂ. ಜೇಕಬ್ಸ್ ಅನ್ನೋ ಇಂಗ್ಲಿಷ್ ಲೇಖಕ 1902ರಲ್ಲಿ 'ದಿ ಮಂಕೀಸ್ ಪಾ' ಅಂತ ಒಂದು ಕಥೆ ಬರೆದ. ಒಣಗಿದ ಕೋತಿ ಪಂಜ, ಮೂರು ಕೋರಿಕೆ. ಒಬ್ಬ ಮುದುಕ ದುರಾಸೆಯೇನೂ ಪಡದೆ, ಮನೆ ಸಾಲಕ್ಕೆ ಸಾಕಾಗೋಷ್ಟು 200 ಪೌಂಡ್ ಕೇಳ್ತಾನೆ. ಮಾರನೇ ದಿನ ಅಷ್ಟೇ ದುಡ್ಡು ಬರತ್ತೆ, ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸತ್ತ ಮಗನ ಪರಿಹಾರ ಅಂತ. ಈ ಕಥೆ ಓದಿದ ದಿನ ನಾನು ಲಾಟರಿ ಟಿಕೆಟ್ಟಿನ ಕನಸನ್ನೂ ಬಿಟ್ಟೆ.

ವರ ಕೇಳಿ ಗೆದ್ದವನ ಕಥೆ ಅಂತ ನಮ್ಮಜ್ಜಿ ಹೇಳ್ತಿದ್ದಿದ್ದು ಒಂದೇ. ಒಬ್ಬ ಕುರುಡ ಮುದುಕ, ಬಡವ, ಮಕ್ಕಳಿಲ್ಲ. ದೇವರು ಒಂದೇ ಒಂದು ವರ ಕೇಳು ಅಂದನಂತೆ. ಮುದುಕ ಯೋಚನೆ ಮಾಡಿ "ನನ್ನ ಮೊಮ್ಮಗ ಚಿನ್ನದ ತಟ್ಟೇಲಿ ಉಣ್ಣೋದನ್ನ ನಾನು ಕಣ್ಣಾರೆ ನೋಡ್ಬೇಕು" ಅಂದ. ಕಣ್ಣು, ದುಡ್ಡು, ಸಂತಾನ, ಆಯಸ್ಸು ಎಲ್ಲ ಒಂದೇ ಸಾಲಲ್ಲಿ ಬಂತು. ನಾಲ್ಕು ಟೇಬಲ್ ಜಾಯಿನ್ ಮಾಡಿದ ಒಂದು ಕ್ವೆರಿ! ಅಜ್ಜಿ ಇದನ್ನ ಜಾಣತನದ ಕಥೆ ಅಂತ ಹೇಳ್ತಿದ್ದಳು. ಅದು ಬರೀ ಜಾಣತನದ ಕಥೆ ಅಲ್ಲ ಅಂತ ನನಗೆ ಗೊತ್ತಾಗೋಕೆ ನಮ್ಮೂರ ಜಾತ್ರೆಗೆ ಹೋಗಬೇಕಾಯ್ತು.

ಹಳೇ ಮೈಸೂರಿನ ಕಡೆ ತೇರಿಗೆ ಹಣ್ಣು ದವನ ಎಸೆಯೋದು ಹಳೇ ಪದ್ಧತಿ. ಹೊಸದಾಗಿ ಮದುವೆ ಆದವರು ಜೋಡಿಯಾಗಿ ಬಂದು ಎಸೀಲೇಬೇಕು. ಹಣ್ಣು ತೇರಿನ ಕಳಶಕ್ಕೆ ತಾಗಿದರೆ ಅಂದುಕೊಂಡಿದ್ದು ಆಗತ್ತೆ ಅನ್ನೋ ನಂಬಿಕೆ. ಮನಸ್ಸಲ್ಲಿ ಅಂದುಕೊಂಡು ಎಸೀತಿದ್ದ ಕಾಲ ಹೋಗಿ ಈಗ ಸಿಪ್ಪೆ ಮೇಲೆ ಪೆನ್ನಲ್ಲಿ ಬರೆದು ಎಸೆಯೋ ಕಾಲ ಬಂದಿದೆ. ಜಾತ್ರೆ ಸೀಸನ್ನಿನಲ್ಲಿ ನೀವೂ ಫೋಟೋ ನೋಡಿರ್ತೀರಿ. ಒಬ್ಬ ಸರ್ಕಾರಿ ಕೆಲಸ ಕೇಳಿರ್ತಾನೆ, ಒಬ್ಬ ತನ್ನ ನಾಯಕ ಸಿಎಂ ಆಗಲಿ ಅಂತಾನೆ, ಇನ್ನೊಬ್ಬ ಹುಡುಗಿ ಬೇಕು ಅಂತ ಕಂಡೀಷನ್ ಸಮೇತ ಬರೆದಿರ್ತಾನೆ. 'ಈ ಸಲ ಕಪ್ ನಮ್ದೇ' ಅಂತೂ ಇದ್ದೇ ಇತ್ತು. 2025ರಲ್ಲಿ, ಹದಿನೆಂಟನೇ ಸೀಸನ್ನಿಗೆ ಆರ್‌ಸಿಬಿ ಕೊನೆಗೂ ಗೆದ್ದಾಗ, ಇದರ ಕ್ರೆಡಿಟ್ಟಲ್ಲಿ ನಮ್ಮ ಬಾಳೆ ಬೆಳೆಗಾರರಿಗೂ ಒಂದು ಪಾಲು ಸಿಗಬೇಕು ಅಂತ ನಾನು ವಾದ ಮಾಡಿದ್ದೆ.

ನಮ್ಮೂರು ತಿಪಟೂರು ಕಡೆ. ಹೋದ ಸಲದ ಜಾತ್ರೆಗೆ ಅಮ್ಮನ ಜೊತೆ ತೇರಿನ ಬೀದಿಗೆ ಹೋಗಿದ್ದೆ. ಅಪ್ಪ ಹೋಗಿ ನಾಲ್ಕು ವರ್ಷ ಆಯ್ತು. ಅಮ್ಮ ಊರಲ್ಲಿ ಒಬ್ಬಳೇ ಇದ್ದಾಳೆ. ಒಂದು ಹಸು, ಒಂದೂವರೆ ಎಕರೆ ತೆಂಗು. ಅಟ್ಟದ ಮೇಲಿರೋ ಕೊಬ್ಬರಿ ಮಾರಿದ ಮೇಲೆ ತೋಟ ಗುತ್ತಿಗೆಗೆ ಕೊಟ್ಟು, ಹಸು ಮಾರಿ, ಅಮ್ಮ ಬೆಂಗಳೂರಿಗೆ ಬರೋದು ಅಂತ ಮನೆಯಲ್ಲಿ ಮಾತಾಗಿತ್ತು. ದೊಡ್ಡಪ್ಪ, ಸೋದರಮಾವ, ಅತ್ತೆ ಎಲ್ಲರ ಒಪ್ಪಿಗೆ ಇತ್ತು. ನನಗೂ ಅದೇ ಬೇಕಿತ್ತು. ರಾತ್ರಿ ಹನ್ನೊಂದರ ಮೇಲೆ ಊರಿನ ನಂಬರಿಂದ ಫೋನ್ ಬಂದರೆ ಎದೆ ಧಸಕ್ ಅನ್ನೋದು ಏನು ಅಂತ ಊರು ಬಿಟ್ಟು ಬಂದ ಎಲ್ಲರಿಗೂ ಗೊತ್ತು. ಅಮ್ಮನ್ನ ಕೇಳಿದಾಗ ಅವಳು ಯಾವತ್ತಿನ ಉತ್ತರ ಕೊಟ್ಟಿದ್ದಳು: "ನೀವೆಲ್ಲ ಹೆಂಗ್ ಹೇಳಿದ್ರೆ ಹಂಗೆ."

ಎರಡು ಬಾಳೆಹಣ್ಣು ತಗೊಂಡು, ಜೇಬಿಂದ ಪೆನ್ನು ತೆಗೆದು "ನಿಂಗೇನು ಬೇಕಮ್ಮ, ಬರಿ" ಅಂತ ಕೊಟ್ಟೆ.

"ಸುಮ್ನಿರಪ್ಪ. ಏನ್ ಬೇಕು ಅಂತ ದೇವ್ರಿಗೆ ಗೊತ್ತಿಲ್ವಾ?"

"ಗೊತ್ತಿರತ್ತೆ. ಆದ್ರೂ ಹೇಳು."

"ಎಲ್ಲಾರೂ ಚೆನ್ನಾಗಿರ್ಲಿ ಅಂತ ಬರಿ." ಪೆನ್ನು ವಾಪಸ್ ನನ್ನ ಕೈಗೇ ಬಂತು.

"ಅದು ಬೇಡ. ನಿನಗೆ ಅಂತ ಹೇಳು."

"ನಿಂಗೆ ಒಳ್ಳೇದಾಗ್ಲಿ ಅಂತ ಬರಿ."

"ಅದೂ ನಂದಾಯ್ತಲ್ಲ. ಬರೀ ನಿಂದು ಹೇಳು."

ಅಮ್ಮ ನನ್ನ ಮುಖ ನೋಡಿದ ರೀತಿ ಹೇಗಿತ್ತು ಅಂದ್ರೆ, ಪಕ್ಕದ ಮನೆಯಿಂದ ಏನೋ ಕದ್ದುಕೊಂಡು ಬಾ ಅಂತ ಹೇಳಿದ ಹಾಗೆ. ಸ್ವಲ್ಪ ಹೊತ್ತು ಬಿಟ್ಟು "ಮಂಡಿ ನೋವು ಹೋಗ್ಲಿ ಅಂತ..." ಅಂದಳು. ನಾನು ಪೆನ್ನಿನ ಕ್ಯಾಪ್ ತೆಗೆಯೋಷ್ಟರಲ್ಲಿ "ಬ್ಯಾಡ ಬ್ಯಾಡ. ಇದು ವಯಸ್ಸಿಗೆ ಬಂದಿದ್ದು. ಇದನ್ನ ಕೇಳಿ, ಬೇರೆ ಏನಾದ್ರೂ ಕಿತ್ಕೊಂಡ್ರೆ?" ಜೇಕಬ್ಸ್ ಹೆಸರೂ ಕೇಳಿರದ ನಮ್ಮಮ್ಮನಿಗೆ ಕೋತಿ ಪಂಜದ ಲೆಕ್ಕ ಪೂರ್ತಿ ಗೊತ್ತಿತ್ತು.

ಆಮೇಲೆ ಮಳೆ. ಬೇಸಿಗೆಯಲ್ಲಿ ಎರಡು ಹದ ಮಳೆ ಬಂದರೆ ತೆಂಗಿಗೆ ಒಳ್ಳೆಯದು. ಆದರೆ ಅದೂ ಬೇಡವಾಯ್ತು. ಪಕ್ಕದ್ಮನೆಯೋರು ಹುಣಸೆಹಣ್ಣು ಒಣಗಾಕಿದಾರೆ, ಹಿಂದಿನ ತೋಟದೋರ ಮಾವಿನ ಹೀಚು ಉದುರೋಗತ್ತೆ. ತನ್ನ ಒಂದು ಕೋರಿಕೆಯಿಂದ ಯಾರ್ಯಾರಿಗೆ ಏನೇನು ತೊಂದರೆ ಆಗಬಹುದು ಅಂತ ಅಷ್ಟು ವೇಗವಾಗಿ ಪಟ್ಟಿ ಮಾಡಿದ್ದನ್ನ ನೋಡಿ, ಹಿರಣ್ಯಕಶಿಪು ನಮ್ಮಮ್ಮನ್ನ ರಿವ್ಯೂಗೆ ಇಟ್ಟುಕೊಂಡಿದ್ದರೆ ಇವತ್ತಿಗೂ ಬದುಕಿರ್ತಿದ್ದ ಅನ್ನಿಸ್ತು.

ತಮಟೆ ಸದ್ದು ಹತ್ತಿರ ಬಂತು. ಜನ ಹಗ್ಗ ಹಿಡಿದು ಎಳೀತಾ ಇದ್ದರು. ತೇರು ನಮ್ಮ ಬೀದಿಗೆ ತಿರುಗಿತು. ಅಮ್ಮ ಸೆರಗು ಸರಿ ಮಾಡಿಕೊಂಡು, ನನ್ನ ಕಡೆ ನೋಡದೆ, ತೇರನ್ನೇ ನೋಡ್ತಾ ಹೇಳಿದಳು:

"ನಾನು ಇದೇ ಊರಲ್ಲಿ ಇರಂಗಾಗ್ಲಿ. ಅಂತ ಬರಿ."

ಬರೆದೆ. ಬಾಳೆಹಣ್ಣಿನ ಸಿಪ್ಪೆ ಮೇಲೆ ಬಾಲ್‌ಪೆನ್ನು ನುಣ್ಣಗೆ ಓಡತ್ತೆ, ಆದರೆ ಸ್ವಲ್ಪ ಒತ್ತಿದರೂ ಕಪ್ಪಾಗತ್ತೆ. 'ಊರಲ್ಲಿ' ಅನ್ನೋ ಪದ ಪೂರ್ತಿ ಕಪ್ಪಾಗಿತ್ತು.

ನಿಮಗೊಂದು ವಿಷಯ ಹೇಳಬೇಕು. ನಮ್ಮಮ್ಮನಿಗೆ ಬರೆಯೋಕೆ ಬರತ್ತೆ. ಏಳನೇ ಕ್ಲಾಸ್ ಪಾಸು. ಊರಿನ ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ ಬರೆಯೋದು ಅವಳೇ, ಅಕ್ಷರ ನನಗಿಂತ ಗುಂಡಾಗಿದೆ. ದೇವರಿಗೆ ಮಾತ್ರ ಹೇಳೋದಾಗಿದ್ದರೆ ಅವಳೇ ಬರೆದು ಎಸೀಬಹುದಿತ್ತು. ಮನಸ್ಸಲ್ಲೇ ಅಂದುಕೊಂಡರೂ ಆಗ್ತಿತ್ತು. ಪೆನ್ನು ನನ್ನ ಕೈಗೆ ಕೊಟ್ಟಳು. ಅಡ್ರೆಸ್ ದೇವರದ್ದು, ತಲುಪಬೇಕಾಗಿದ್ದು ನನಗೆ.

ಆಗ ಊರಿನ ಎಷ್ಟೋ ವಿಷಯ ಬೇರೆ ಥರ ಕಾಣೋಕೆ ಶುರುವಾಯ್ತು. ಸೊಸೆ ತವರಿಗೆ ಹೋಗ್ತೀನಿ ಅಂದ್ರೆ ಯಾರೂ ಕಳಿಸ್ತಿರಲಿಲ್ಲ. ತವರೂರಿನ ಅಮ್ಮನಿಗೆ ಹರಕೆ ಹೊತ್ತಿದೀನಿ ಅಂದ್ರೆ ಅತ್ತೆಯೇ ಬಸ್ ಚಾರ್ಜ್ ಕೊಟ್ಟು ಕಳಿಸ್ತಿದ್ದಳು. ಒಪ್ಪಿಗೆ ಇಲ್ಲದ ಸಂಬಂಧ ಬಂದಾಗ ಬೇಡ ಅನ್ನೋ ಧೈರ್ಯ ಇಲ್ಲದವರು ದೇವರ ಹತ್ತಿರ ಹೂ ಕೇಳೋಣ ಅಂತಿದ್ದರು. ಬಲಗಡೆ ಹೂ ಬೀಳಲಿಲ್ಲ ಅಂದ್ರೆ ಮುಗೀತು, ಯಾರ ಮೇಲೂ ಯಾರಿಗೂ ಸಿಟ್ಟಿಲ್ಲ. ವರ್ಷವಿಡೀ ಬಾಯಿ ಬಿಡದ ಹೆಂಗಸಿನ ಮೈಮೇಲೆ ದೇವರು ಬಂದಾಗ, ಅವಳು ಗಂಡನನ್ನ ಏಕವಚನದಲ್ಲಿ ಗದರಿಸಿ "ನನ್ನ ಮಗಳನ್ನ ಅಳಿಸ್ಬ್ಯಾಡ" ಅಂದ್ರೆ, ಗಂಡ ಕೈ ಮುಗಿದು "ತಪ್ಪಾಯ್ತು ತಾಯಿ" ಅಂತಿದ್ದ. ಬಿಇ ಓದುವಾಗ ಇದನ್ನೆಲ್ಲ ಮೂಢನಂಬಿಕೆ ಅಂತ ಒಂದೇ ಫೋಲ್ಡರಿಗೆ ಹಾಕಿಟ್ಟಿದ್ದೆ. ದೇವರಿದ್ದಾನೋ ಇಲ್ಲವೋ, ಮನೆಯಲ್ಲಿ ದನಿ ಇಲ್ಲದವರಿಗೆ ಅವನು ಒಳ್ಳೆ ಮೈಕು.

ಕಠೋಪನಿಷತ್ತಿನ ನಚಿಕೇತನಿಗೆ ಯಮ ಮೂರು ವರ ಕೊಟ್ಟ. ಎಲ್ಲರೂ ನೆನಪಿಟ್ಟುಕೊಳ್ಳೋದು ಮೂರನೇದನ್ನ, ಸತ್ತ ಮೇಲೆ ಏನಾಗತ್ತೆ ಅನ್ನೋ ಪ್ರಶ್ನೆಯನ್ನ. ನನಗೆ ಹತ್ತಿರ ಅನಿಸೋದು ಮೊದಲನೇದು. ಸಾವಿನ ಬಾಗಿಲಲ್ಲಿ ನಿಂತ ಹುಡುಗ ಮೊದಲು ಕೇಳಿದ್ದು, ನಾನು ವಾಪಸ್ ಹೋದಾಗ ಅಪ್ಪನ ಸಿಟ್ಟು ಇಳಿದಿರಲಿ, ಅವನು ನನ್ನ ಗುರುತು ಹಿಡಿದು ಮಾತಾಡಿಸಲಿ ಅಂತ. ಅಪ್ಪನಿಗೇ ನೇರವಾಗಿ ಹೇಳಬಹುದಾಗಿದ್ದ ಮಾತನ್ನ ಹೇಳೋಕೆ ಅವನು ಯಮಲೋಕದವರೆಗೂ ಹೋಗಬೇಕಾಯ್ತು. ನಮ್ಮಮ್ಮ ತೇರಿನ ಬೀದಿವರೆಗೆ ಬಂದಿದ್ದಳು ಅಷ್ಟೇ.

ಅಜ್ಜಿಯ ಕಥೆಯ ಕುರುಡ ಮುದುಕನೂ ಹಾಗೇ ಇದ್ದಿರಬಹುದು. ನನಗೆ ಕಣ್ಣು ಕೊಡು ಅಂತ ನೆಟ್ಟಗೆ ಕೇಳೋಕೆ ಅವನಿಗೆ ಸಂಕೋಚ. ಅದಕ್ಕೇ ಮೊಮ್ಮಗನ ತಟ್ಟೆ ಹಿಂದೆ ತನ್ನ ಕಣ್ಣನ್ನ ಬಚ್ಚಿಟ್ಟು ಕೇಳಿದ. ಪುಕ್ಕಲರ ಬೇಡಿಕೆ ಯಾವತ್ತೂ ವಾಕ್ಯದ ಕೊನೆಯಲ್ಲಿ ಇರತ್ತೆ.

ಇನ್ನೊಂದು ಹಣ್ಣು ನನ್ನ ಕೈಯಲ್ಲೇ ಇತ್ತು. ಮನೆಯಿಂದ ಹೊರಡುವಾಗ ಅದರ ಮೇಲೆ ಏನು ಬರೀಬೇಕು ಅಂತ ಯೋಚಿಸಿದ್ದೆನೋ ಅದು ಅಮ್ಮ ಬರೆಸಿದ್ದಕ್ಕೆ ಸರೀ ಉಲ್ಟಾ. ಒಂದೇ ಮನೆಯಿಂದ ಎರಡು ಅರ್ಜಿ ಹೋದರೆ ದೇವರು ತಾನೇ ಏನು ಮಾಡ್ತಾನೆ? 'ಅಮ್ಮನ ಹಣ್ಣು ಕಳಶಕ್ಕೆ ತಾಗಲಿ' ಅಂತ ಬರೆದೆ. ಇಬ್ಬರೂ ಎಸೆದೆವು. ಅಮ್ಮನದು ತೇರಿನ ಗಾಲಿ ಹತ್ತಿರ ಬಿತ್ತು. ನನ್ನದು ತಮಟೆಯವರ ಆಚೆ ಎಲ್ಲೋ ಹೋಯ್ತು, ಯಾರ ತಲೆಗೆ ತಾಗಿತೋ.

ಆ ರಾತ್ರಿ ದೊಡ್ಡಪ್ಪನ ಮನೆಯಲ್ಲಿ ಊಟ. ದೊಡ್ಡಪ್ಪ ಎದುರು ನಿಂತರೆ ನನಗೆ ಈಗಲೂ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಕೈಯಲ್ಲಿ ಹಿಡಿದ ಹಾಗಾಗತ್ತೆ. ಎರಡು ಸಲ ಗಂಟಲು ಸರಿ ಮಾಡಿಕೊಂಡು "ದೊಡ್ಡಪ್ಪ, ಹಸು ಮಾರೋದು ಬೇಡ. ಅಮ್ಮ ಇಲ್ಲೇ ಇರ್ತಾಳೆ" ಅಂದೆ.

"ಯಾರ್ಲಾ ಹಂಗಂದೋರು?"

ಅಮ್ಮ ಸಾರಿನ ಪಾತ್ರೆ ಹಿಡಿದು ಅಲ್ಲೇ ನಿಂತಿದ್ದಳು. ಅವಳ ಹೆಸರು ಹೇಳೋ ಹಾಗಿರಲಿಲ್ಲ. ನನ್ನ ಇಷ್ಟ ಅನ್ನೋ ಧೈರ್ಯ ನನಗೂ ಇರಲಿಲ್ಲ.

"ತೇರಿನ ಮುಂದೆ ಕೇಳ್ಕೊಂಡಿದೀವಿ ದೊಡ್ಡಪ್ಪ" ಅಂದೆ.

ದೊಡ್ಡಪ್ಪ ಮುದ್ದೆ ಮುರಿಯೋದು ನಿಲ್ಲಿಸಿ, ಒಂದು ಸಲ ಅಮ್ಮನ್ನ, ಒಂದು ಸಲ ನನ್ನ ನೋಡಿ, "ದೇವ್ರತ್ರ ಮಾತಾಗಿದ್ರೆ ಇನ್ನೇನೈತೆ" ಅಂದ. ಅಷ್ಟೇ.

ಅಮ್ಮ ಊರಲ್ಲೇ ಇದ್ದಾಳೆ. ಬಚ್ಚಲಲ್ಲಿ ಹಿಡ್ಕೊಳ್ಳೋಕೆ ಸ್ಟೀಲ್ ಕಂಬಿ ಹಾಕಿಸಿದೆ. ಪಕ್ಕದ್ಮನೆಯವರ ಹತ್ತಿರ ಒಂದು ಬೀಗದ ಕೈ ಇದೆ. ಹದಿನೈದು ದಿನಕ್ಕೊಮ್ಮೆ ಶುಕ್ರವಾರ ಸಂಜೆ ರೈಲು ಹತ್ತುತ್ತೀನಿ. ಹನ್ನೊಂದರ ಮೇಲೆ ಫೋನ್ ಬಂದರೆ ಎದೆ ಧಸಕ್ ಅನ್ನೋದು ನಿಂತಿಲ್ಲ, ನಿಲ್ಲೋದೂ ಇಲ್ಲ. ಅವಳ ವರಕ್ಕೆ ನಾನು ಕಟ್ಟೋ ಕಂತು ಅದು. ಕೋತಿ ಪಂಜದ ಲೆಕ್ಕದಲ್ಲಿ ಇದು ತುಂಬಾ ಸೋವಿ.

ನಿಮ್ಮ ಮನೆಯಲ್ಲೂ "ನಂಗೇನೂ ಬೇಡ" ಅನ್ನೋರು ಒಬ್ಬರು ಇದ್ದೇ ಇರ್ತಾರೆ. ಅಮ್ಮ ಇರಬಹುದು, ಹೆಂಡತಿ ಇರಬಹುದು, ಟೀಮಿನ ಹೊಸ ಹುಡುಗ ಇರಬಹುದು. ಅವರಿಗೆ ಏನು ಬೇಕು ಅಂತ ಕೇಳಿ. ಮೊದಲ ಮೂರು ಉತ್ತರ ನಂಬಬೇಡಿ. ನಾಲ್ಕನೇದು ಬರೋವರೆಗೂ ಪೆನ್ನು ಹಿಡಿದುಕೊಂಡು ಪಕ್ಕದಲ್ಲೇ ನಿಂತಿರಿ. ಅವರು ನಿಮ್ಮ ಮುಖ ನೋಡದೆ ಎಲ್ಲೋ ನೋಡ್ತಾ ಹೇಳ್ತಾರೆ. ದೇವರಿಗೆ ಹೇಳ್ತಿದ್ದಾರೆ ಅಂದುಕೊಂಡು ಸುಮ್ಮನಾಗಬೇಡಿ.