ಕುದಿಸಿದರೆ ಹೋಗುತ್ತಾ ಮಿಸ್?

ಬೋಧನಾಭ್ಯಾಸದ ಎರಡನೇ ವಾರ ಪಾವಗಡ ತಾಲ್ಲೂಕಿನ ಪ್ರೌಢಶಾಲೆಯೊಂದರ 8ನೇ ತರಗತಿಗೆ ನೀರಿನ ಗುಣಗಳ ಪಾಠ ಮಾಡಿದೆ. ಮಂಜುಗಡ್ಡೆ ತೇಲುವುದು, ನೀರು ನಿಧಾನವಾಗಿ ಕಾಯುವುದು ಬೇಗ ಮುಗಿದವು. ಕರಗಿಸುವ ಗುಣಕ್ಕೆ ಬಂದಾಗ ಉಪ್ಪು, ಸಕ್ಕರೆ ಕರಗಿಸಿ ತೋರಿಸಿದೆ. ಬೇರು ಮಣ್ಣಿನ ಲವಣ ಹೀರುವುದೂ ರಕ್ತ ಗ್ಲೂಕೋಸನ್ನು ಜೀವಕೋಶಗಳಿಗೆ ಒಯ್ಯುವುದೂ ಈ ಗುಣದಿಂದಲೇ ಎಂದೆ. ಕೊನೆಗೆ, ಪಾಠಯೋಜನೆಯಲ್ಲಿ ಇಲ್ಲದ ಒಂದು ಮಾತು ಸೇರಿಸಿದೆ: "ನೀರು ಕುದಿಸಿ ಕುಡಿಯಿರಿ, ಕೆಟ್ಟದ್ದೆಲ್ಲ ಹೋಗುತ್ತದೆ."

ಮೂರನೇ ಬೆಂಚಿನ ಹುಡುಗಿ ಎದ್ದಳು. ಮಾತಾಡುವಾಗ ವೇಲಿನ ಅಂಚನ್ನು ಬಾಯಿಗೆ ಅಡ್ಡ ಹಿಡಿಯುವುದು ಅವಳ ಅಭ್ಯಾಸ. "ಹಲ್ಲು ಕಂದು ಮಾಡುತ್ತಲ್ಲ, ಅದೂ ಹೋಗುತ್ತಾ ಮಿಸ್? ನನ್ನ ತಮ್ಮನಿಗೆ ಇನ್ನೂ ಮೂರು ವರ್ಷ."

"ಹೋಗುತ್ತದೆ" ಎಂದುಬಿಟ್ಟೆ. ಗಂಟೆ ಹೊಡೆಯಿತು.

ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ನನ್ನ ಧ್ವನಿ, ಕಪ್ಪುಹಲಗೆ ಬರಹ ಮೆಚ್ಚಿದ್ದರು. ಕೆಳಗೆ ಒಂದೇ ಸಾಲು: ಕುದಿಸಿದರೆ ಫ್ಲೋರೈಡ್ ಹೋಗದು. ಆ ರಾತ್ರಿ ನಿದ್ದೆ ಬರಲಿಲ್ಲ. ಕುದಿಸಿದರೆ ರೋಗಾಣು ಸಾಯುತ್ತವೆ, ನಿಜ. ಆದರೆ ಆವಿಯಾಗುವುದು ನೀರು ಮಾತ್ರ. ಕರಗಿದ ಫ್ಲೋರೈಡ್ ಉಳಿದ ನೀರಿನಲ್ಲಿ ಇನ್ನಷ್ಟು ಸಾಂದ್ರವಾಗುತ್ತದೆ. ಬಿ.ಎಸ್ಸಿ.ಯಲ್ಲಿ ಓದಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ!

ಮರುದಿನ ಅವರಿಂದ ಇಪ್ಪತ್ತು ನಿಮಿಷ ಕೇಳಿ ಪಡೆದೆ. ಎರಡು ಪಿಂಗಾಣಿ ಬಟ್ಟಲಲ್ಲಿ ಸಮ ಅಳತೆಯ ಮಳೆನೀರು, ಬೋರ್‌ವೆಲ್ ನೀರು ಹಾಕಿ ಬತ್ತಿಸಿದೆವು. ಮೊದಲನೆಯದರಲ್ಲಿ ಏನೂ ಕಾಣಲಿಲ್ಲ, ಎರಡನೆಯದರಲ್ಲಿ ಬಿಳಿ ಪೊರೆ. ಅದರಲ್ಲಿ ಬಹುಪಾಲು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳೇ, ಫ್ಲೋರೈಡ್ ಹೀಗೆ ಕಣ್ಣಿಗೆ ಬೀಳುವುದಿಲ್ಲ ಎಂದೂ ಹೇಳಿದೆ. ಒಂದು ತಪ್ಪು ತಿದ್ದಲು ಹೋಗಿ ಇನ್ನೊಂದು ಬೇಡವೆಂದು. ಆಳದ ಬಂಡೆಯ ಖನಿಜಗಳಿಂದ ನೀರು ಅದನ್ನು ಕರಗಿಸಿ ತರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದಿದ್ದರೆ 1.5. "ನಿನ್ನೆ ನಾನು ಹೇಳಿದ್ದು ತಪ್ಪು" ಎನ್ನುವಾಗ ಗಂಟಲು ಒಣಗಿತ್ತು.

ಅದಕ್ಕಿಂತ ಕಷ್ಟದ ಮಾತು ಬಾಕಿಯಿತ್ತು. ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಈ ಕಲೆ ಕೂರುತ್ತದೆ. ನೀರು ಬದಲಿಸಿದರೆ ಅವಳದು ಹೋಗದು. ತಮ್ಮನ ಶಾಶ್ವತ ಹಲ್ಲುಗಳು ಇನ್ನೂ ಬೆಳೆಯುತ್ತಿವೆ. ಅವನಿಗೆ ಕುಡಿಯಲೂ ಅಡುಗೆಗೂ ಶುದ್ಧ ನೀರಿನ ಘಟಕದ ನೀರೇ ಆಗಬೇಕು ಎಂದೆ.

ತರಗತಿ ಮುಗಿದ ಮೇಲೆ ಅವಳು ಬಾಗಿಲ ಬಳಿ ನಿಂತಿದ್ದಳು.

"ಅಮ್ಮ ನಿನ್ನೆ ಒಂದು ಬಿಂದಿಗೆ ಕುದಿಸಿಟ್ಟಿದ್ದಾಳೆ ಮಿಸ್. ಚೆಲ್ಲಬೇಕಾ?"

"ಬೇಡ, ಪಾತ್ರೆ ತೊಳೆಯೋಕೆ ಇಟ್ಟುಕೊಳ್ಳಿ" ಎಂದೆ.