ಕಾಡುಗೋಡಿಯಿಂದ ಬಿಡದಿಗೆ, ಅರ್ಧರ್ಧ ಲೆಕ್ಕದಲ್ಲಿ

ವೈಟ್‌ಫೀಲ್ಡ್ ಕಡೆ ಇರುವವರಿಗೆ ವಂಡರ್‌ಲಾ ಅಂದರೆ ಊರಿನ ಒಂದು ತುದಿಯಲ್ಲಿ ಹೊರಟು, ಇಡೀ ಊರು ದಾಟಿ, ಇನ್ನೊಂದು ತುದಿಯ ಆಚೆಗೆ ಹೋಗುವುದು. ಪಾರ್ಕ್ ಇರುವುದು ಬಿಡದಿ ಹತ್ತಿರ, ಬೆಂಗಳೂರಿನಿಂದ 28 ಕಿ.ಮೀ. ಅನ್ನುತ್ತಾರೆ. ಆದರೆ ಆ ಎಣಿಕೆ ಶುರುವಾಗುವುದು ಊರಿನ ನಡುವಿನಿಂದ. ನಮ್ಮ ಕಾಡುಗೋಡಿಯಿಂದ ಹಿಡಿದರೆ ಹೆಚ್ಚುಕಡಿಮೆ ಅದರ ಎರಡರಷ್ಟು. ಟಿಕೆಟ್ ಎಷ್ಟು ಅಂತ ಎಲ್ಲರೂ ವೆಬ್‌ಸೈಟ್ ನೋಡುತ್ತಾರೆ. ಅಲ್ಲಿಗೆ ಹೋಗಿ ಬರುವ ಖರ್ಚನ್ನು ಮಾತ್ರ "ಕ್ಯಾಬ್ ಮಾಡ್ಕೊಂಡ್ರಾಯ್ತು" ಅನ್ನುವ ಒಂದೇ ಮಾತಲ್ಲಿ ಮುಗಿಸುತ್ತೇವೆ.

ನಮ್ಮ ಟೀಮಿನಲ್ಲಿ ಒಬ್ಬ ಸಿಂಗಾಪುರದ ಯೂನಿವರ್ಸಲ್ ಸ್ಟುಡಿಯೋಸ್‌ಗೆ ಹೋಗಲು ನಾಲ್ಕು ತಿಂಗಳಿಂದ ವಿಮಾನದ ದರ ನೋಡುತ್ತಾ ಕೂತಿದ್ದಾನೆ. ಎರಡು ಸಾವಿರ ಕಡಿಮೆಯಾದರೆ ಫೋನಿಗೆ ಮೆಸೇಜ್ ಬರುವ ಹಾಗೆ ಮಾಡಿಕೊಂಡಿದ್ದಾನೆ. ಅದೇ ಮನುಷ್ಯ ಬಿಡದಿಗೆ ಹೋಗುವಾಗ ಆ್ಯಪ್ ತೋರಿಸಿದ ದರಕ್ಕೆ ಕಣ್ಣು ಮುಚ್ಚಿ ಓಕೆ ಒತ್ತುತ್ತಾನೆ. ನಾನೂ ಹಾಗೇ ಒತ್ತುತ್ತಿದ್ದೆನೇನೋ. ಆದರೆ ಈ ಸಲದ ದಸರಾ ರಜೆಗೆ ನಮ್ಮ ಜೊತೆ ಅಣ್ಣನ ಮನೆಯವರೂ ಬರಬೇಕಿತ್ತು. ಅಲ್ಲಿಗೆ ಲೆಕ್ಕವೇ ಬೇರೆ ಆಯಿತು.

ಅಣ್ಣ ಪೀಣ್ಯ ಎರಡನೇ ಹಂತದಲ್ಲಿ ಒಂದು ಮಷಿನ್ ಶಾಪಿನಲ್ಲಿ ಸಿಎನ್‌ಸಿ ಆಪರೇಟರ್. ಮನೆ ದಾಸರಹಳ್ಳಿಯಲ್ಲಿ. ಐಟಿಐ ಮುಗಿಸಿ ಅವನು ಕೆಲಸಕ್ಕೆ ಸೇರಿದ್ದರಿಂದಲೇ ನಾನು ಎಂಜಿನಿಯರಿಂಗ್ ಓದಿದ್ದು. ಇದನ್ನು ಅವನು ಯಾವತ್ತೂ ಎತ್ತಿ ಆಡಿಲ್ಲ. ನಾನೇನಾದರೂ ಎತ್ತಿದರೆ ಮಾತು ಬೇರೆ ಕಡೆ ತಿರುಗಿಸುತ್ತಾನೆ. ಈಗ ನನ್ನ ಸಂಬಳ ಅವನದ್ದಕ್ಕಿಂತ ಜಾಸ್ತಿ ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಮಕ್ಕಳು ಮೂವರೂ ಸೇರಿ ವಂಡರ್‌ಲಾ ಅಂತ ಹಟ ಹಿಡಿದಾಗ ನಾನು ಫೋನ್ ಮಾಡಿ, "ದೊಡ್ಡ ಗಾಡಿ ಮಾಡ್ತೀನಿ ಅಣ್ಣ, ಎಲ್ಲಾ ಒಟ್ಟಿಗೆ ಹೋಗಿಬರೋಣ" ಅಂದೆ.

"ಎಷ್ಟಾಗುತ್ತೆ?" ಅಂದ.

"ಅದೆಲ್ಲಾ ಬಿಡು, ನಾನ್ ನೋಡ್ಕೋತೀನಿ."

"ಹಂಗಾದ್ರೆ ನೀವು ಹೋಗ್ಬನ್ನಿ ಕಣೋ. ನಮ್ದು ಇನ್ನೊಂದ್ ಸಲ ನೋಡೋಣ."

ಅವನಿಗೆ ಕೋಪ ಬಂದಿರಲಿಲ್ಲ. ದನಿಯಲ್ಲಿ ಏನೂ ಬದಲಾಗಿರಲಿಲ್ಲ. ಆದರೆ ಆ "ಇನ್ನೊಂದ್ ಸಲ" ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ಅತ್ತೆ-ಮಾವನ ಮನೆ, ತಮ್ಮನ ಮನೆ, ಎಲ್ಲೇ ಆಗಲಿ ತನ್ನ ಪಾಲು ಕೊಡಲಾಗದ ಊಟಕ್ಕೆ ಕೂರುವವನಲ್ಲ ಅವನು. ಹಾಗಾಗಿ ಇಲ್ಲಿ ಉಳಿತಾಯ ಅಂದರೆ ನನ್ನ ಜೇಬಿನಲ್ಲಿ ಎಷ್ಟು ಉಳಿಯುತ್ತದೆ ಅನ್ನುವ ಪ್ರಶ್ನೆ ಅಲ್ಲ. ಒಟ್ಟು ಖರ್ಚು ಎಷ್ಟಕ್ಕೆ ಇಳಿದರೆ ಅಣ್ಣ ಅದರ ಅರ್ಧವನ್ನು ತಲೆ ಕೆಡಿಸಿಕೊಳ್ಳದೆ ಕೊಡಬಲ್ಲ ಅನ್ನುವುದು ಪ್ರಶ್ನೆ.

ಮೊದಲು ಗಾಡಿಯ ಲೆಕ್ಕ ಹಾಕಿದೆ. ನಾವು ನಾಲ್ವರು: ನಾನು, ಹೆಂಡತಿ, ಐದು ವರ್ಷದ ಮಗಳು, ಅಮ್ಮ. ಅವರು ನಾಲ್ವರು: ಅಣ್ಣ, ಅತ್ತಿಗೆ, ಹನ್ನೊಂದರ ಮಗ, ಏಳರ ಮಗಳು. ನಮಗೊಂದು ದೊಡ್ಡ ಗಾಡಿ, ಅವರಿಗೆ ದಾಸರಹಳ್ಳಿಯಿಂದ ಒಂದು ಕ್ಯಾಬ್ ಅಂದರೆ ಆ್ಯಪ್ ತೋರಿಸಿದ ಪ್ರಕಾರ ಹೋಗುವುದಕ್ಕೇ ಸುಮಾರು 2,800. ವಾಪಸ್ ಬರುವುದಕ್ಕೂ ಅಷ್ಟೇ ಅಂದುಕೊಂಡರೆ 5,600. ಭಾನುವಾರ ಸಂಜೆ ಪಾರ್ಕ್ ಬಿಡುವ ಹೊತ್ತಿಗೆ ಅಷ್ಟಕ್ಕೇ ಸಿಗುತ್ತದೆ ಅನ್ನುವ ನಂಬಿಕೆ ಯಾರಿಗೂ ಇಲ್ಲ. ಸ್ವಂತ ಕಾರಿದ್ದರೂ ಎಂಟು ಜನ ಹಿಡಿಸುವುದಿಲ್ಲ. ನೈಸ್ ರಸ್ತೆ ಹಿಡಿದರೆ ಅದರ ಟೋಲ್ ಬೇರೆ, ಪೆಟ್ರೋಲ್, ಪಾರ್ಕಿಂಗ್ ಬೇರೆ.

ಇನ್ನು ಮೆಟ್ರೋ. ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ನೇರಳೆ ಮಾರ್ಗ ಪೂರ್ತಿ ತೆರೆದದ್ದು 2023ರ ಅಕ್ಟೋಬರ್ 9ಕ್ಕೆ. ನಲವತ್ತಮೂರು ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ, 37 ಸ್ಟೇಷನ್. ನಾವು ಐಟಿ ಜನ ಅದನ್ನು ಆಫೀಸಿಗೆ ಹೋಗುವ ರೈಲು ಅಂತಷ್ಟೇ ನೋಡುತ್ತೇವೆ. ಆದರೆ ಅದರ ಇನ್ನೊಂದು ತುದಿ ನಿಲ್ಲುವುದು ಮೈಸೂರು ರಸ್ತೆಯಲ್ಲಿ, ಪಾರ್ಕಿನ ದಾರಿಯಲ್ಲೇ. 2025ರ ಫೆಬ್ರವರಿಯ ದರ ಏರಿಕೆಯ ನಂತರವೂ ಗರಿಷ್ಠ ದರ 90 ರೂಪಾಯಿ. ಅಣ್ಣನ ದಾಸರಹಳ್ಳಿ ಹಸಿರು ಮಾರ್ಗದಲ್ಲಿದೆ. ಎರಡೂ ಸೇರುವುದು ಮೆಜೆಸ್ಟಿಕ್‌ನಲ್ಲಿ. ಎಲೆಕ್ಟ್ರಾನಿಕ್ ಸಿಟಿಯವರಿಗೂ 2025ರ ಆಗಸ್ಟ್‌ನಿಂದ ಹಳದಿ ಮಾರ್ಗ ಇದೆ, ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಮೆಜೆಸ್ಟಿಕ್‌ಗೆ ಬಂದರಾಯಿತು. ಊರಿನ ಮೂರು ದಿಕ್ಕಿನಲ್ಲಿ ಬೇರೆಬೇರೆ ಕೆಲಸ ಹಿಡಿದು ಕೂತಿರುವ ಒಂದೇ ಮನೆಯವರು ಟ್ರಾಫಿಕ್ ಇಲ್ಲದೆ ಒಂದು ಕಡೆ ಸೇರಲು ಈಗ ಇರುವ ಜಾಗ ಅದು.

ಇಲ್ಲಿ ಒಂದು ಸಣ್ಣ ಲೆಕ್ಕ ಹೇಳಿಬಿಡುತ್ತೇನೆ. ಸ್ಮಾರ್ಟ್ ಕಾರ್ಡ್ ಇದ್ದವರಿಗೆ ಭಾನುವಾರ ಇಡೀ ದಿನ ಶೇ 10 ರಿಯಾಯಿತಿ, ಅಂದರೆ 90ರ ಬದಲು 81. ಹಾಗಂತ ಈ ಒಂದು ಪ್ರಯಾಣಕ್ಕೆಂದೇ ಎಲ್ಲರಿಗೂ ಕಾರ್ಡ್ ಮಾಡಿಸಬೇಡಿ. ಕಾರ್ಡಿಗೇ 50 ರೂಪಾಯಿ, ಹೋಗಿ ಬಂದರೆ ಉಳಿಯುವುದು 18. ನನ್ನ, ಹೆಂಡತಿಯ, ಅಣ್ಣನ ಹತ್ತಿರ ಕಾರ್ಡ್ ಇತ್ತು, ಉಳಿದ ಐವರಿಗೆ ಟಿಕೆಟ್ ತೆಗೆದೆವು. ಮೂರು ಅಡಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಮೆಟ್ರೋದಲ್ಲಿ ಟಿಕೆಟ್ ಬೇಡ. ನಮ್ಮ ಮೂವರೂ ಅದನ್ನು ದಾಟಿದ್ದಾರೆ. ಎಂಟು ಜನಕ್ಕೆ ಒಂದು ಕಡೆಗೆ 693 ರೂಪಾಯಿ.

ದಿನ ಯಾವುದು ಅನ್ನುವುದರಲ್ಲೂ ದುಡ್ಡಿದೆ. ವಾರದ ನಡುವೆ ಪಾರ್ಕಿನ ಟಿಕೆಟ್ ಕಡಿಮೆ, ಜನವೂ ಕಡಿಮೆ. ನನಗೆ ರಜೆ ಇತ್ತು. ಆದರೆ ಅಣ್ಣ ಒಂದು ದಿನ ರಜೆ ಹಾಕಿದರೆ ಆ ದಿನದ ಸಂಬಳದ ಜೊತೆ ತಿಂಗಳ ಅಟೆಂಡೆನ್ಸ್ ಬೋನಸ್ಸೂ ಹೋಗುತ್ತದೆ. ಟಿಕೆಟ್‌ನಲ್ಲಿ ಉಳಿಯುವುದಕ್ಕಿಂತ ಅದೇ ಜಾಸ್ತಿ. ಹಾಗಾಗಿ ಭಾನುವಾರ. "ವೀಕ್‌ಡೇ ಹೋಗಿ, ದುಡ್ಡು ಉಳಿಸಿ" ಅನ್ನುವ ಸಲಹೆ ಎಲ್ಲರಿಗೂ ಸಲ್ಲುವುದಿಲ್ಲ. ಯಾರ ವೀಕ್‌ಡೇ ಅಂತ ಕೇಳಬೇಕಾಗುತ್ತದೆ.

ಲೆಕ್ಕವನ್ನೆಲ್ಲ ಒಂದು ಶೀಟಿನಲ್ಲಿ ಹಾಕಿ ವಾಟ್ಸ್ಯಾಪಿನಲ್ಲಿ ಕಳಿಸಿದೆ. ಪಾರ್ಕಿನ ಟಿಕೆಟ್ ಅವರವರ ಮನೆಯದ್ದು, ಪ್ರಯಾಣ ಅರ್ಧರ್ಧ. ಹತ್ತು ನಿಮಿಷ ಬಿಟ್ಟು ಅಣ್ಣನ ಉತ್ತರ ಬಂತು: "ಹೆಂಗಸರಿಗೆ ಬಸ್ ಫ್ರೀ, ಅದನ್ನ ಹಿಡ್ದಿಲ್ಲ ನೀನು." ಅಂದರೆ ಬರುತ್ತಾನೆ ಅಂತ ಅರ್ಥ.

ಪಾರ್ಕಿನಲ್ಲಿ ಮಕ್ಕಳ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. 85 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಉಚಿತ, 140ರವರೆಗೆ ಮಕ್ಕಳ ದರ. ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳೆದು ಬುಕ್ ಮಾಡಿದರೆ ಗೇಟಿನಲ್ಲಿ ಗಡಿಬಿಡಿ ಇರುವುದಿಲ್ಲ. ದಾಸರಹಳ್ಳಿಯಲ್ಲಿ ಅಳೆಯುವಾಗ ಅಣ್ಣನ ಮಗ ಹಿಮ್ಮಡಿ ಎತ್ತಿ ನಿಂತನಂತೆ, ದೊಡ್ಡ ರೈಡ್ ಹತ್ತಬಹುದು ಅಂತ. ಅವರಪ್ಪ ತಲೆ ಒತ್ತಿ ನಿಲ್ಲಿಸಿದನಂತೆ. 137 ಬಂತು. ಅಪ್ಪನಿಗೆ ಖುಷಿ, ಮಗನಿಗೆ ದುಃಖ. ನೀರಿನ ರೈಡ್‌ಗಳಿಗೆ ಹತ್ತಿ ಬಟ್ಟೆ ನಡೆಯುವುದಿಲ್ಲ, ನೈಲಾನ್ ಥರದ್ದೇ ಬೇಕು. ಅಲ್ಲಿ ಹೋಗಿ ಕೊಳ್ಳುವ ಬದಲು ಮನೆಯಿಂದಲೇ ತೆಗೆದುಕೊಂಡು ಹೋದೆವು.

ಭಾನುವಾರ ಮೆಟ್ರೋ ಶುರುವಾಗುವುದು ಬೆಳಿಗ್ಗೆ 7ಕ್ಕೆ. ಪಾರ್ಕ್ ತೆರೆಯುವುದು 11ಕ್ಕೆ. ಆದ್ದರಿಂದ ನಾಲ್ಕಕ್ಕೆ ಎದ್ದು ಮಕ್ಕಳನ್ನು ಎಬ್ಬಿಸುವ ಕಷ್ಟ ಇಲ್ಲ. ಏಳೂವರೆಗೆ ಹತ್ತಿದೆವು. ಕಾಡುಗೋಡಿ ಮೊದಲ ಸ್ಟೇಷನ್ ಆದ್ದರಿಂದ ಎಲ್ಲರಿಗೂ ಸೀಟು. ಮೆಜೆಸ್ಟಿಕ್‌ನಲ್ಲಿ ಇಳಿದು, ಅಣ್ಣನವರು ಬರುವವರೆಗೆ ಪ್ಲಾಟ್‌ಫಾರ್ಮಿನಲ್ಲೇ ಕಾದು, ಒಟ್ಟಿಗೆ ಮುಂದಿನ ರೈಲು ಹತ್ತಿದೆವು. ನಡುವೆ ಯಾವ ರೈಲು, ಯಾವ ಬೋಗಿ ಅಂತ ಫೋನಿನಲ್ಲಿ ಒದ್ದಾಡುವುದಕ್ಕಿಂತ ಇದು ಸಲೀಸು.

ಚಲ್ಲಘಟ್ಟದವರೆಗೆ ಹೋಗದೆ ಎರಡು ಸ್ಟೇಷನ್ ಮೊದಲೇ, ಕೆಂಗೇರಿ ಬಸ್ ಟರ್ಮಿನಲ್‌ನಲ್ಲಿ ಇಳಿದೆವು. ಅಲ್ಲಿ ಪಕ್ಕದಲ್ಲೇ ಬಸ್ ನಿಲ್ದಾಣ. ನೆರಳಿದೆ, ಶೌಚಾಲಯ ಇದೆ. ಮನೆಯಿಂದ ತಂದ ಇಡ್ಲಿಯನ್ನು ಅಲ್ಲೇ ತಿಂದೆವು. ಪಾರ್ಕಿನೊಳಗೆ ಹೊರಗಿನ ಊಟ ಬಿಡುವುದಿಲ್ಲ, ಅದಕ್ಕೆ ಇದೇ ಸರಿಯಾದ ಜಾಗ.

ಬಸ್ಸಿನಲ್ಲಿ ಅಮ್ಮ ಬೇರೆಯೇ ಮನುಷ್ಯಳಾದರು. ಮೆಟ್ರೋದಲ್ಲಿ ಗೇಟಿಗೆ ಟೋಕನ್ ಹೇಗೆ ಹಿಡಿಯಬೇಕು, ಎಸ್ಕಲೇಟರ್ ಮೇಲೆ ಕಾಲು ಯಾವಾಗ ಇಡಬೇಕು ಅಂತ ನನ್ನ ಮುಖ ನೋಡುತ್ತಿದ್ದವರು, ಬಿಎಂಟಿಸಿ ಹತ್ತಿದ ತಕ್ಷಣ ಚೀಲದಿಂದ ಆಧಾರ್ ತೆಗೆದು ಕೈಯಲ್ಲಿ ಹಿಡಿದರು. ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಅವರು ಧರ್ಮಸ್ಥಳ, ಶೃಂಗೇರಿ ಅಂತ ಊರಿನ ಹೆಂಗಸರ ಜೊತೆ ನಮಗಿಂತ ಜಾಸ್ತಿ ತಿರುಗಿದ್ದಾರೆ. "ಮೂರು ದೊಡ್ಡೋರು, ಒಂದು ಹುಡುಗಿ, ಎಲ್ಲಾ ಹೆಂಗಸ್ರದೇ" ಅಂತ ಕಂಡಕ್ಟರ್‌ಗೆ ತಾವೇ ಹೇಳಿ ಶೂನ್ಯ ಟಿಕೆಟ್ ಎಣಿಸಿಕೊಂಡರು. ಆರು ತುಂಬದ ನನ್ನ ಮಗಳಿಗೆ ಹೇಗೂ ಟಿಕೆಟ್ ಇಲ್ಲ. ದುಡ್ಡು ಕೊಟ್ಟವರು ನಾನು, ಅಣ್ಣ, ಮತ್ತು ಅರ್ಧ ಟಿಕೆಟಿನ ಹುಡುಗ. ಒಟ್ಟು 70 ರೂಪಾಯಿ. ನೀವು ಹೋಗುವಾಗ ನೆನಪಿಡಿ, ಎಸಿ ಬಸ್ಸಿಗೆ ಈ ಉಚಿತ ಇಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಬೇಕು.

ಕ್ಯಾಬ್‌ನಲ್ಲಿ ಹೋಗಿದ್ದರೆ ಅಮ್ಮ ಹಿಂದಿನ ಸೀಟಿನಲ್ಲಿ ಕೂತು "ಇನ್ನೂ ಎಷ್ಟು ದೂರ, ಮೀಟರ್ ಎಷ್ಟಾಯ್ತು" ಅನ್ನುತ್ತಿದ್ದರು. ಇಲ್ಲಿ ಯಾರೂ ಯಾರನ್ನೂ ಕರೆದುಕೊಂಡು ಹೋಗುತ್ತಿರಲಿಲ್ಲ. ಅಣ್ಣ ಮೊಮ್ಮಕ್ಕಳಿಗೆ ಕಿಟಕಿ ಪಕ್ಕ ಜಾಗ ಮಾಡಿಸಿದ, ಅಮ್ಮ ಟಿಕೆಟ್ ನೋಡಿಕೊಂಡರು, ನಾನು ಚೀಲ ಹಿಡಿದು ನಿಂತಿದ್ದೆ.

ಈಗ ಸಂಜೆಯ ಮಾತು. ಉಳಿತಾಯದ ಸಲಹೆ ಕೊಡುವವರು ಹೆಚ್ಚಾಗಿ ಬೆಳಗಿನ ಉತ್ಸಾಹದಲ್ಲಿ ಬರೆಯುತ್ತಾರೆ. ಸಂಜೆ ಏಳಕ್ಕೆ ಮಕ್ಕಳ ಕೂದಲು ಒದ್ದೆ, ಕಣ್ಣು ಅರ್ಧ ಮುಚ್ಚಿದೆ, ಅಮ್ಮನ ಮಂಡಿ ಮಾತಾಡಲು ಶುರು ಮಾಡಿದೆ. ಪಾರ್ಕ್ ಬಿಟ್ಟ ಜನವೆಲ್ಲ ಒಂದೇ ಸಲ ರಸ್ತೆಗೆ ಬರುತ್ತಾರೆ. ಆ ಹೊತ್ತಿಗೆ ಬಸ್ಸಿಗೆ ಕಾದು ನಿಂತರೆ ಉಳಿಯುವ ಹಣವನ್ನು ತೆರುವುದು ನಾನಲ್ಲ, ಅಮ್ಮನ ಮಂಡಿ ಮತ್ತು ಐದು ವರ್ಷದ ಮಗು. ಅದಕ್ಕೇ ಶೀಟಿನಲ್ಲಿ ಮೊದಲೇ ಒಂದು ಸಾಲು ಹಾಕಿದ್ದೆ: ಪಾರ್ಕಿನಿಂದ ಚಲ್ಲಘಟ್ಟಕ್ಕೆ ಎರಡು ಕ್ಯಾಬ್, 700 ರೂಪಾಯಿ. ದೂರ ಕಡಿಮೆ, ಊರಿನೊಳಗಿನ ಟ್ರಾಫಿಕ್ ಇಲ್ಲ, ಹಾಗಾಗಿ ದರವೂ ತಡೆಯುವಂಥದ್ದು. ಬೆಳಿಗ್ಗೆ ಕೆಂಗೇರಿಯಲ್ಲಿ ಇಳಿದವರು ಸಂಜೆ ಚಲ್ಲಘಟ್ಟಕ್ಕೇ ಹೋಗಿದ್ದಕ್ಕೂ ಕಾರಣ ಇದೆ. ಅದು ಮೊದಲ ಸ್ಟೇಷನ್. ಎಂಟು ಜನಕ್ಕೂ ಸೀಟು ಸಿಕ್ಕಿತು. ನಾಯಂಡಹಳ್ಳಿ ಬರುವಷ್ಟರಲ್ಲಿ ಮೂರೂ ಮಕ್ಕಳು ಮಲಗಿದ್ದವು.

ನನ್ನ ಅನುಭವದಲ್ಲಿ ಇದೇ ಸೂತ್ರ: ಬೆಳಿಗ್ಗೆ ಉಳಿಸಿ, ಸಂಜೆಗೆ ಸ್ವಲ್ಪ ಖರ್ಚು ಮಾಡಿ. ಎಲ್ಲವನ್ನೂ ಉಳಿಸಲು ಹೋದರೆ ಮನೆಯಲ್ಲಿ ಎಲ್ಲಕ್ಕಿಂತ ಬೇಗ ಸುಸ್ತಾಗುವವರು ಅದರ ಬೆಲೆ ಕಟ್ಟುತ್ತಾರೆ. ಏನೂ ಉಳಿಸದಿದ್ದರೆ ಎಲ್ಲರಿಗಿಂತ ಕಡಿಮೆ ಸಂಬಳ ಇರುವವರು ಬರುವುದೇ ಇಲ್ಲ. ಇವೆರಡರ ನಡುವೆ ನಿಮ್ಮ ಮನೆಗೆ ಹೊಂದುವ ಮೊತ್ತ ಯಾವುದು ಅಂತ ನೀವೇ ಕೂತು ಲೆಕ್ಕ ಹಾಕಬೇಕು. ನಮ್ಮದು ಎರಡೂ ಕಡೆಯ ಮೆಟ್ರೋ, ಬಸ್, ಸಂಜೆಯ ಕ್ಯಾಬ್ ಎಲ್ಲ ಸೇರಿ 2,156 ಬಂತು. ಗಾಡಿಯ 5,600ರ ಮುಂದೆ ಅರ್ಧಕ್ಕಿಂತ ಕಡಿಮೆ.

ಹೆಚ್ಚು ಹಿಡಿದದ್ದು ಸಮಯ, ಅದನ್ನು ಮುಚ್ಚಿಡುವುದಿಲ್ಲ. ಬಾಗಿಲಿನಿಂದ ಬಾಗಿಲಿಗೆ ಮೂರು ಗಂಟೆ. ಗಾಡಿಯಲ್ಲಿ ಭಾನುವಾರ ಬೆಳಿಗ್ಗೆ ಎರಡು ಗಂಟೆಯೊಳಗೆ ಮುಟ್ಟಬಹುದಿತ್ತು. ಆದರೆ ಆ ಮೂರು ಗಂಟೆಯಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಅಣ್ಣ ನನ್ನ ಜೊತೆ ಕೂತು ಮಾತಾಡಿದ. ಅವನ ಶಾಪಿಗೆ ಬಂದಿರುವ ಹೊಸ ಮಷಿನ್, ಮಗನನ್ನು ಮುಂದೆ ಡಿಪ್ಲೊಮಾ ಓದಿಸುವುದೋ ಪಿಯುಸಿಗೆ ಕಳಿಸುವುದೋ ಅಂತೆಲ್ಲ. ಹಬ್ಬಕ್ಕೆ ಊರಿಗೆ ಹೋದಾಗಲೂ ಅಷ್ಟು ಹೊತ್ತು ನಾವಿಬ್ಬರೂ ಕೂತು ಮಾತಾಡಿ ವರ್ಷಗಳಾಗಿದ್ದವು.

ಮೆಜೆಸ್ಟಿಕ್‌ನಲ್ಲಿ ಅವರು ಹಸಿರು ಮಾರ್ಗಕ್ಕೆ ಇಳಿದರು. ನಾವು ಇಂದಿರಾನಗರ ದಾಟುವಷ್ಟರಲ್ಲಿ ಫೋನ್ ಸದ್ದು ಮಾಡಿತು. ಅಣ್ಣನಿಂದ 1,078 ರೂಪಾಯಿ. ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆ ಇಲ್ಲ. ಕೆಳಗೆ ಒಂದು ಮೆಸೇಜ್: "ಬೇಸಿಗೆ ರಜೆಗೆ ಮೈಸೂರು. ರೈಲಲ್ಲಿ ಹೋಗೋಣ. ಈ ಸಲ ಶೀಟ್ ನಾನ್ ಮಾಡ್ತೀನಿ."